ಅದೇ 36 ಪರ್ಸೆಂಟ್, ಒಮ್ಮೆ 104 ಸೀಟು, ಒಮ್ಮೆ 66

2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಬಿದ್ದದ್ದು ಸುಮಾರು ಶೇ 36ರಷ್ಟು ಮತ, ಬಂದ ಸೀಟು 104. ಐದು ವರ್ಷ ಬಿಟ್ಟು 2023ರಲ್ಲೂ ಹೆಚ್ಚೂಕಡಿಮೆ ಅದೇ ಶೇ 36, ಸೀಟು ಮಾತ್ರ 66. 2018ರಲ್ಲೇ ಕಾಂಗ್ರೆಸ್‌ಗೆ ಶೇ 38 ಮತ ಬಂದಿತ್ತು. ಅಂದ್ರೆ ಬಿಜೆಪಿಗಿಂತ ಜಾಸ್ತಿ. ಆದರೂ ಅದರ ಸೀಟು 80ಕ್ಕೆ ನಿಂತಿತು. ಎಣಿಕೆಯಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಮತವನ್ನು ಸೀಟಾಗಿ ಬದಲಿಸಲು ನಾವು ಇಟ್ಟುಕೊಂಡಿರುವ ಲೆಕ್ಕವೇ ಹಾಗಿದೆ.

ಲೆಕ್ಕ ಬಹಳ ಸುಲಭ. ಕ್ಷೇತ್ರದಲ್ಲಿ ಉಳಿದ ಪ್ರತಿಯೊಬ್ಬರಿಗಿಂತ ಒಂದು ಓಟು ಜಾಸ್ತಿ ಬಂದರೂ ಸಾಕು, ಗೆದ್ದ ಹಾಗೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದು ಗೆದ್ದರು, ಎದುರಾಳಿಗೆ ಬಂದದ್ದು 40,751. ಆ 40,751 ಜನ ಬಿಸಿಲಲ್ಲಿ ನಿಂತು ಹಾಕಿದ ಓಟು ಯಾರನ್ನೂ ಆರಿಸಲಿಲ್ಲ. ಹೀಗಾಗಿ ಎಷ್ಟು ಮತ ಬಂತು ಅನ್ನೋದಕ್ಕಿಂತ ಎಲ್ಲಿ ಬಂತು ಅನ್ನೋದೇ ದೊಡ್ಡದಾಗಿಬಿಡುತ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಬಿಎಸ್‌ಪಿಗೆ ದೇಶದಲ್ಲಿ ಎರಡು ಕೋಟಿಗೂ ಹೆಚ್ಚು ಓಟು ಬಿದ್ದವು, ಮತಗಳ ಲೆಕ್ಕದಲ್ಲಿ ಮೂರನೇ ಸ್ಥಾನ, ಸೀಟು ಸೊನ್ನೆ. ಅದಕ್ಕಿಂತ ಕಡಿಮೆ ಓಟು ಪಡೆದ ಎಐಎಡಿಎಂಕೆಗೆ 37 ಸೀಟು, ಯಾಕಂದ್ರೆ ಅದರ ಮತವೆಲ್ಲ ತಮಿಳುನಾಡಿನಲ್ಲೇ ಒಟ್ಟಾಗಿತ್ತು.

ಬೇರೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತಗಟ್ಟೆಗೆ ಹೋಗಿದ್ದೀರಾ? ಅಲ್ಲಿ ಮಷಿನ್ ಇಲ್ಲ, ಕಾಗದದ ಮತಪತ್ರ. ಪಕ್ಷದ ಚಿಹ್ನೆ ಇರುವುದಿಲ್ಲ. ಅವರೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ನಿಮ್ಮ ಮೊದಲ ಆಯ್ಕೆಯ ಮುಂದೆ 1 ಅಂತ ಬರೆಯಬೇಕು, ಎರಡನೆಯವರ ಮುಂದೆ 2, ಹಾಗೇ ಮುಂದಕ್ಕೆ. ಕನ್ನಡದ ೧, ೨, ೩ ಬರೆದರೂ ನಡೆಯುತ್ತದೆ. ಟಿಕ್ ಹಾಕಿದರೆ, 'ಒಂದು' ಅಂತ ಅಕ್ಷರದಲ್ಲಿ ಬರೆದರೆ ಮತ ಕುಲಗೆಟ್ಟಿತು.

ಎಣಿಕೆ ಹೇಗೆ ನಡೆಯುತ್ತೆ ನೋಡಿ. ಸಿಂಧುವಾದ ಮತ 10,000 ಅಂತಿಟ್ಟುಕೊಳ್ಳಿ, ಗೆಲ್ಲಲು ಅರ್ಧಕ್ಕಿಂತ ಒಂದು ಜಾಸ್ತಿ, ಅಂದ್ರೆ 5,001 ಬೇಕು. ಮೊದಲ ಪ್ರಾಶಸ್ತ್ಯದಲ್ಲಿ ರಾಮಣ್ಣನಿಗೆ 4,000, ಸಾವಿತ್ರಮ್ಮನಿಗೆ 3,500, ಬಸಪ್ಪನಿಗೆ 2,500. ಯಾರೂ ಗಡಿ ಮುಟ್ಟಿಲ್ಲ. ಕೊನೆಯಲ್ಲಿರುವ ಬಸಪ್ಪ ಕಣದಿಂದ ಹೊರಗೆ. ಆದರೆ ಅವರ ಮತಪತ್ರಗಳನ್ನು ಬದಿಗಿಡುವುದಿಲ್ಲ, ಒಂದೊಂದನ್ನೂ ಎತ್ತಿ 2 ಎಲ್ಲಿದೆ ಅಂತ ನೋಡುತ್ತಾರೆ. ಸಾವಿತ್ರಮ್ಮನಿಗೆ 1,800, ರಾಮಣ್ಣನಿಗೆ 400, ಉಳಿದ 300ರಲ್ಲಿ ಬರೀ 1 ಇದೆ, ಅವು ಅಲ್ಲಿಗೇ ಮುಗಿದವು. 5,300 ಮತದಿಂದ ಸಾವಿತ್ರಮ್ಮ ಗೆದ್ದರು. ಬಸಪ್ಪನ ಬೆಂಬಲಿಗರಿಗೆ 'ಸುಮ್ನೆ ಓಟು ವೇಸ್ಟ್ ಮಾಡ್ಬೇಡ್ರೀ' ಅಂತ ಯಾರೂ ಹೇಳುವ ಹಾಗಿಲ್ಲ. ನನಗೆ ಈ ಪದ್ಧತಿಯಲ್ಲಿ ತುಂಬಾ ಇಷ್ಟವಾಗುವುದು ಇದೇ. ಮನಸ್ಸಲ್ಲಿ ಇದ್ದವರಿಗೇ 1 ಹಾಕಬಹುದು, ಭಯ ಬೇಡ.

ರಾಷ್ಟ್ರಪತಿ ಚುನಾವಣೆಯೂ ಹೀಗೇ. 1969ರಲ್ಲಿ ಮೈಸೂರು ರಾಜ್ಯದ ಮಾಜಿ ರಾಜ್ಯಪಾಲ ವಿ.ವಿ. ಗಿರಿ ಮೊದಲ ಎಣಿಕೆಯಲ್ಲಿ 4,01,515 ಮತಮೌಲ್ಯದೊಂದಿಗೆ (ಅಲ್ಲಿ ಸಂಸದರ, ಶಾಸಕರ ಒಂದೊಂದು ಮತಕ್ಕೂ ಇಂತಿಷ್ಟು ಮೌಲ್ಯ ಇರುತ್ತದೆ) ಮುಂದಿದ್ದರೂ ಗಡಿ ದಾಟಿರಲಿಲ್ಲ. ಎರಡನೇ ಪ್ರಾಶಸ್ತ್ಯದ ಮತಗಳು ಸೇರಿದ ಮೇಲೆ 4,20,077 ಆಯಿತು. ನೀಲಂ ಸಂಜೀವ ರೆಡ್ಡಿ 4,05,427ರಲ್ಲಿ ಸೋತರು.

ಆದರೆ ಇಲ್ಲೂ ಗೆಲ್ಲುವುದು ಒಬ್ಬರೇ. ಮತಕ್ಕೆ ತಕ್ಕಷ್ಟು ಪಾಲು ಸಿಗಬೇಕಾದರೆ ಒಂದೇ ಕ್ಷೇತ್ರದಿಂದ ಹಲವರು ಆರಿಸಿ ಬರಬೇಕು. ರಾಜ್ಯಸಭೆಯ ನಾಲ್ಕು ಸ್ಥಾನಕ್ಕೆ ನಮ್ಮ 224 ಶಾಸಕರು ಮತ ಹಾಕುವಾಗ ಪತ್ರಿಕೆಗಳಲ್ಲಿ '45 ಮತ ಬೇಕು' ಅಂತ ಬರುತ್ತಲ್ವಾ? 224ನ್ನು ಐದರಿಂದ ಭಾಗಿಸಿದರೆ 44.8, ಅದನ್ನು ದಾಟಲು 45. ನಾಲ್ಕು ಜನ ಅಷ್ಟಷ್ಟು ಪಡೆದ ಮೇಲೆ ಐದನೆಯವರಿಗೆ ಅಷ್ಟು ಉಳಿಯುವುದಿಲ್ಲ, ಅದಕ್ಕೇ ಐದರಿಂದ ಭಾಗಿಸುವುದು. ಗೆದ್ದವರ ಹೆಚ್ಚುವರಿ ಮತವೂ ಮುಂದಿನವರಿಗೆ ಹರಿಯುತ್ತದೆ. ಐರ್ಲೆಂಡಿನಲ್ಲಿ ಇದನ್ನು ಸಾಮಾನ್ಯ ಮತದಾರರೇ ಮಾಡುತ್ತಾರೆ. ಕ್ಷೇತ್ರಕ್ಕೆ ಮೂರರಿಂದ ಐದು ಸ್ಥಾನ, ಎಣಿಕೆ ಕೆಲವೊಮ್ಮೆ ದಿನಗಟ್ಟಲೆ ಎಳೆಯುತ್ತದೆ. 1959ರಲ್ಲಿ, ಮತ್ತೆ 1968ರಲ್ಲಿ ಈ ಪದ್ಧತಿಯನ್ನು ತೆಗೆಯೋಣವೇ ಅಂತ ಕೇಳಿದಾಗ ಅಲ್ಲಿನ ಜನ ಎರಡೂ ಸಲ ಬೇಡ ಅಂದರು.

ನ್ಯೂಜಿಲೆಂಡ್ ಬೇರೆ ಹಾದಿ ಹಿಡಿಯಿತು. 1978 ಮತ್ತು 1981ರಲ್ಲಿ ಅಲ್ಲಿ ಲೇಬರ್ ಪಕ್ಷಕ್ಕೆ ಮತ ಜಾಸ್ತಿ, ಸರ್ಕಾರ ಮಾತ್ರ ನ್ಯಾಷನಲ್ ಪಕ್ಷದ್ದು. ಜನ ಬೇಸತ್ತು 1993ರಲ್ಲಿ ಪದ್ಧತಿಯನ್ನೇ ಬದಲಿಸಿದರು. 1996ರಿಂದ ಪ್ರತಿಯೊಬ್ಬರಿಗೂ ಎರಡು ಓಟು: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಒಟ್ಟು ಸೀಟಿನ ಲೆಕ್ಕ ಪಕ್ಷದ ಓಟಿನ ಮೇಲೆ.

ನಮ್ಮ 2023ರ ಸೀಟುಗಳನ್ನು ನೇರವಾಗಿ ಮತದ ಪಾಲಿಗೆ ತಕ್ಕಂತೆ ಹಂಚಿದ್ದರೆ ಕಾಂಗ್ರೆಸ್‌ನ 135 ಸುಮಾರು 96 ಆಗುತ್ತಿತ್ತು, ಬಿಜೆಪಿ 66ರಿಂದ 81ಕ್ಕೆ, ಜೆಡಿಎಸ್ 19ರಿಂದ 30ಕ್ಕೆ ಹೋಗುತ್ತಿತ್ತು. ನಿಯಮ ಬೇರೆಯಾಗಿದ್ದರೆ ಜನ ಓಟು ಹಾಕುವ ರೀತಿಯೂ ಬೇರೆಯಾಗಿರುತ್ತಿತ್ತು, ಅದು ನಿಜ. ಯಾರಿಗೂ ಬಹುಮತವಿಲ್ಲದೆ ಸಮ್ಮಿಶ್ರ ಸರ್ಕಾರವೇ ಗತಿಯಾಗುತ್ತಿತ್ತು, ಅದರ ಕಷ್ಟ ಕರ್ನಾಟಕಕ್ಕೆ ಹೊಸದಲ್ಲ. ಆ ಬೆಲೆಯನ್ನು ಹಗುರವಾಗಿ ನೋಡಬಾರದು.

ಯಾವ ಪದ್ಧತಿಯೂ ಪೂರ್ತಿ ಸರಿಯಿಲ್ಲ. ಮೂರು ಅಥವಾ ಹೆಚ್ಚು ಅಭ್ಯರ್ಥಿಗಳಿದ್ದಾಗ, ನ್ಯಾಯ ಅನ್ನಿಸುವ ಕೆಲವೇ ಷರತ್ತುಗಳನ್ನು ಒಟ್ಟಿಗೆ ಪಾಲಿಸುವ, 1, 2, 3 ಅಂತ ಕ್ರಮಾಂಕ ಕೊಡುವ ಪದ್ಧತಿ ಇರಲು ಸಾಧ್ಯವೇ ಇಲ್ಲ ಅಂತ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಗಣಿತದಿಂದಲೇ ತೋರಿಸಿಕೊಟ್ಟರು. 2022ರ ಆಗಸ್ಟಿನಲ್ಲಿ ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಸಂಸತ್ತಿನ ಒಂದು ಸ್ಥಾನಕ್ಕೆ 1, 2, 3 ಬರೆಯುವ ಪದ್ಧತಿಯಲ್ಲೇ ಉಪಚುನಾವಣೆ ನಡೆದಾಗ ಅದು ಕಣ್ಣಿಗೇ ಬಿತ್ತು. ನಿಕ್ ಬೆಗಿಚ್ ಉಳಿದಿಬ್ಬರಲ್ಲಿ ಯಾರ ಜೊತೆ ನೇರ ಸ್ಪರ್ಧೆಗಿಳಿದಿದ್ದರೂ ಗೆಲ್ಲುತ್ತಿದ್ದರು. ಆದರೆ ಮೊದಲ ಪ್ರಾಶಸ್ತ್ಯದಲ್ಲಿ ಮೂರನೆಯವರಾದ ಕಾರಣ ಮೊದಲೇ ಹೊರಬಿದ್ದರು. ಮೇರಿ ಪೆಲ್ಟೋಲಾ ಗೆದ್ದರು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಓಟು ಐರ್ಲೆಂಡಿನ ಪದ್ಧತಿಗೇ. ಊರಿನ ಪಾಲಿಕೆಯಲ್ಲಾದರೂ ಮೂರ್ನಾಲ್ಕು ವಾರ್ಡು ಸೇರಿಸಿ ಒಮ್ಮೆ ಮಾಡಿ ನೋಡಬೇಕು ಅಂತ ಆಸೆ. ಅಲ್ಲಿಯವರೆಗೆ ಪದವೀಧರ ಕ್ಷೇತ್ರವಂತೂ ಇದೆ. ಪದವಿ ಮುಗಿದು ಮೂರು ವರ್ಷವಾಗಿದ್ದರೆ ಹೆಸರು ಸೇರಿಸಿ. ಆ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಹಾಗಾಗಿ ಹಿಂದಿನ ಸಲ ಹಾಕಿದ್ದೆ ಅಂದರೆ ಸಾಲದು, ಮತ್ತೆ ಫಾರಂ 18 ತುಂಬಬೇಕು. ಪೆನ್ನು ಕೈಗೆ ಬಂದಾಗ 1 ಬರೆದು ನಿಲ್ಲಿಸಬೇಡಿ, 2, 3 ಕೂಡ ಬರೆಯಿರಿ.