ಸೇಫ್ಟಿ ಲಿವರ್ ಇಲ್ಲದ ಪಿಸ್ತೂಲು ಜಾಸ್ತಿ ಅಪಾಯವೇ?

ಪ್ರಶ್ನೆ: ಇಷ್ಟು ದಿನ ಹೆಬ್ಬೆರಳಿನ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಲಿವರ್) ಇರುವ 1911 ಮಾದರಿಯ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿದ್ದೇನೆ. ಈಗ ಸ್ಟ್ರೈಕರ್ ಪಿಸ್ತೂಲು (ಹೊರಗೆ ಹ್ಯಾಮರ್, ಅಂದರೆ ಬಡಿಯುವ ಸುತ್ತಿಗೆ, ಇಲ್ಲದೆ ಒಳಗಿನ ಸ್ಪ್ರಿಂಗ್ ಮುಳ್ಳಿನಿಂದಲೇ ಗುಂಡು ಹಾರಿಸುವಂಥದ್ದು) ಕೈಗೆ ಬಂದಿದೆ. ಅದರಲ್ಲಿ ಸೇಫ್ಟಿಯೇ ಇಲ್ಲ. ಇದು ಜಾಸ್ತಿ ಅಪಾಯ ಅಲ್ವಾ?

ಉತ್ತರ: ಸೇಫ್ಟಿ ಇದೆ, ಹೆಬ್ಬೆರಳಿಗೆ ಸಿಗುವುದಿಲ್ಲ ಅಷ್ಟೆ. 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೇನೆಗೆಂದು ಬಂದ ಗ್ಲಾಕ್ 17 ಎಂಬ ಸ್ಟ್ರೈಕರ್ ಪಿಸ್ತೂಲನ್ನೇ ನೋಡಿ. ಕೈಜಾರಿ ಬಿದ್ದರೂ ಗುಂಡು ಹಾರದಂತೆ ಅದರಲ್ಲಿ ಮೂರು ತಡೆಗಳಿವೆ. ಆದರೆ ಟ್ರಿಗರ್ ಒತ್ತಿದರೆ ಮೂರೂ ಒಂದರ ಹಿಂದೊಂದು ಬಿಟ್ಟುಕೊಳ್ಳುತ್ತವೆ. ಒತ್ತಿದ್ದು ಬೆರಳೋ, ಅಂಗಿಯ ಚುಂಗೋ, ಜಾಕೆಟ್ಟಿನ ದಾರವೋ ಅಂತ ಪಿಸ್ತೂಲಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಹೋಲ್‌ಸ್ಟರ್‌ಗೆ ಹಾಕುವಾಗ ಆತುರ ಬೇಡ. ಅಂಗಿಯನ್ನು ಇನ್ನೊಂದು ಕೈಯಲ್ಲಿ ಮೇಲೆತ್ತಿ, ಹೋಲ್‌ಸ್ಟರ್‌ನ ಬಾಯಿ ನೋಡಿ, ಬೆರಳನ್ನು ಟ್ರಿಗರ್‌ನಿಂದ ದೂರ, ಚೌಕಟ್ಟಿನ ಪಕ್ಕಕ್ಕೆ ನೇರವಾಗಿ ಇಟ್ಟು ಇಳಿಸಿ. ಏನಾದರೂ ತಡೆದಂತೆ ಅನಿಸಿದರೆ ಒತ್ತಬೇಡಿ. ಹೊರಗೆ ತೆಗೆದು ನೋಡಿ. ಟ್ರಿಗರ್ ಪೂರ್ತಿ ಮುಚ್ಚದ ಮೆತ್ತನೆಯ ಹೋಲ್‌ಸ್ಟರ್ ಇದಕ್ಕೆ ಬೇಡವೇ ಬೇಡ.

ಇನ್ನೊಂದು ಗಂಡಾಂತರ ಬಿಚ್ಚುವಾಗ. ಗ್ಲಾಕ್‌ನ ಸ್ಲೈಡ್ (ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಕಳಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಕೆಲವರು ಮೊದಲು ಸ್ಲೈಡ್ ಎಳೆಯುತ್ತಾರೆ. ಒಂದು ಗುಂಡು ಹೊರಗೆ ಬೀಳುತ್ತದೆ, ಸಮಾಧಾನ. ಆಮೇಲೆ ಗುಂಡುಗಳಿರುವ ಮ್ಯಾಗಜಿನ್ ತೆಗೆಯುತ್ತಾರೆ. ಆದರೆ ಸ್ಲೈಡ್ ಮುಂದಕ್ಕೆ ಬರುವಾಗ ಮ್ಯಾಗಜಿನ್‌ನಿಂದ ಮತ್ತೊಂದು ಗುಂಡನ್ನು ನಳಿಗೆಯ ಹಿಂಬದಿಯ ಚೇಂಬರ್‌ಗೆ ತಳ್ಳಿರುತ್ತದೆ! ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್. ಎರಡು ಮೂರು ಸಲ ಎಳೆದು, ಹಿಂದಕ್ಕೆ ಲಾಕ್ ಮಾಡಿ, ಚೇಂಬರ್ ಕಣ್ಣಲ್ಲಿ ನೋಡಿ, ಕಿರುಬೆರಳ ತುದಿಯಲ್ಲೂ ಮುಟ್ಟಿ ನೋಡಿ. ಇಷ್ಟಾದ ಮೇಲೂ ನಳಿಗೆ ಸುರಕ್ಷಿತ ದಿಕ್ಕಿಗೇ ಇರಲಿ.

ನಿಮ್ಮ ಹಳೆಯ 1911ರ ಕಥೆ ಬೇರೆ. ಅದರ ಟ್ರಿಗರ್ ಹಗುರ, ಒತ್ತುವ ದೂರ ಚಿಕ್ಕದು. ಅದಕ್ಕೇ ಹೆಬ್ಬೆರಳ ಸೇಫ್ಟಿ. ತೊಂದರೆ ಏನಂದ್ರೆ, ಕೈಗೆ ಒಂದೇ ಅಭ್ಯಾಸ. 1911ರಲ್ಲಿ ಲಿವರ್ ಮೇಲಿದ್ದರೆ ಸೇಫ್, ಕೆಳಗಿದ್ದರೆ ಗುಂಡು ಹಾರಲು ಸಿದ್ಧ. ಬೆರೆಟ್ಟಾ 92ಎಫ್‌ಎಸ್‌ನಲ್ಲಿ ಪೂರ್ತಿ ಉಲ್ಟಾ. ಎರಡನ್ನೂ ಬಳಸುವವರ ಹೆಬ್ಬೆರಳಿಗೆ ಗೊಂದಲ ಆಗದೇ ಇರುತ್ತದೆಯೇ?

ಬೆರೆಟ್ಟಾದಂಥ ಡಬಲ್-ಸಿಂಗಲ್ ಆಕ್ಷನ್‌ನಲ್ಲಿ ಮೊದಲ ಒತ್ತು ಹ್ಯಾಮರನ್ನೂ ಎತ್ತಬೇಕು, ಹಾಗಾಗಿ ಉದ್ದ, ಸುಮಾರು 5 ಕೆ.ಜಿ. ಭಾರ. ಎರಡನೆಯದರಿಂದ ಹೆಚ್ಚುಕಡಿಮೆ ಅದರರ್ಧ. ಗುಂಡು ಹಾರಿಸಿದ ಮೇಲೆ ಹ್ಯಾಮರ್ ಹಿಂದಕ್ಕೇ ನಿಂತಿರುತ್ತದೆ. ಡಿಕಾಕರ್‌ನಿಂದ (ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ಲಿವರ್) ಇಳಿಸದೆ ಹೋಲ್‌ಸ್ಟರ್‌ಗೆ ಹಾಕುವುದೇ ಇಲ್ಲಿ ದೊಡ್ಡ ತಪ್ಪು. ಡಿಕಾಕರ್ ಇಲ್ಲದ ಮಾದರಿಗಳಲ್ಲಿ ಟ್ರಿಗರ್ ಒತ್ತಿ ಹ್ಯಾಮರನ್ನು ಹೆಬ್ಬೆರಳಲ್ಲಿ ನಿಧಾನಕ್ಕೆ ಇಳಿಸುವವರಿದ್ದಾರೆ. ಚೇಂಬರ್‌ನಲ್ಲಿ ಗುಂಡಿಟ್ಟುಕೊಂಡು ಹಾಗೆ ಮಾಡುವುದು ನನಗಂತೂ ಸರಿಬರುವುದಿಲ್ಲ. ಬೆರಳು ಜಾರಿದರೆ ಮುಗಿಯಿತು.

ಈ ಜಾತಿಯ ಒಂದು ಒಳ್ಳೆಯ ಗುಣವೂ ಇದೆ. ಇಳಿಸಿದ ಹ್ಯಾಮರ್ ಮೇಲೆ ಹೆಬ್ಬೆರಳು ಇಟ್ಟು ಹೋಲ್‌ಸ್ಟರ್‌ಗೆ ಹಾಕಿದರೆ, ಟ್ರಿಗರ್‌ಗೆ ಏನಾದರೂ ಸಿಕ್ಕಿಕೊಂಡ ಕೂಡಲೇ ಹ್ಯಾಮರ್ ಏಳುವುದು ಬೆರಳಿಗೆ ತಿಳಿಯುತ್ತದೆ. ನಿಮ್ಮ ಹೊಸ ಪಿಸ್ತೂಲು ಆ ಸುಳಿವು ಕೊಡುವುದಿಲ್ಲ. ಹೆಬ್ಬೆರಳು ಹಳೆಯ ಲಿವರನ್ನು ಹುಡುಕುತ್ತಿರುವಷ್ಟು ದಿನ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಖಾಲಿ ಪಿಸ್ತೂಲಿನಲ್ಲೇ ಹೋಲ್‌ಸ್ಟರ್ ಅಭ್ಯಾಸ ಮಾಡಿ.