ಬೆಂಗಳೂರಿನ ಕ್ರಾಸ್ ರಸ್ತೆಗಳು ಕಾರು ನಿಲ್ದಾಣಗಳಾದ ಬಗೆ

1898ರ ಪ್ಲೇಗ್ ಹಾವಳಿಯ ಬಳಿಕ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳನ್ನು ರೂಪಿಸಿದವರಿಗೆ ಗಾಳಿ, ಬೆಳಕು ಮತ್ತು ನೈರ್ಮಲ್ಯದ್ದೇ ಚಿಂತೆಯಾಗಿತ್ತು. ಆದ್ದರಿಂದಲೇ ಅಲ್ಲಿ ನೇರವಾದ ರಸ್ತೆಗಳೂ ಮನೆಗಳ ಹಿಂದೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿಗಳೂ ಬಂದವು. ಕಾರು ಆ ನಕ್ಷೆಯಲ್ಲಿ ಇರಲಿಲ್ಲ, ಇರಬೇಕಾದ ಕಾಲವೂ ಅದಲ್ಲ. ಆದರೆ 1976ರಲ್ಲಿ ಸ್ಥಾಪನೆಯಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲೂ ಸೈಟಿಗೊಂದು ಕುಟುಂಬ ಎಂಬ ಹಳೆಯ ಎಣಿಕೆಯೇ ಬಹುಮಟ್ಟಿಗೆ ಉಳಿಯಿತು.

ಆ ಎಣಿಕೆ ತಪ್ಪಿದ್ದು ಮಹಡಿಗಳಿಂದ. 30×40 ಅಡಿಯ ಸೈಟಿನಲ್ಲಿ ಮಾಲೀಕರು ಒಂದು ಅಂತಸ್ತಿನಲ್ಲಿದ್ದು ಉಳಿದವನ್ನು ಬಾಡಿಗೆಗೆ ಕೊಟ್ಟಾಗ ಮನೆಗಳು ಮೂರು ನಾಲ್ಕಾದವು, ರಸ್ತೆ ಮಾತ್ರ ಇದ್ದಷ್ಟೇ ಅಗಲ ಉಳಿಯಿತು. ಮೂವತ್ತಡಿ ರಸ್ತೆಯಲ್ಲಿ ಚರಂಡಿ, ಮರ, ಟ್ರಾನ್ಸ್‌ಫಾರ್ಮರ್‌ಗಳ ಜಾಗ ಕಳೆದು ಎರಡೂ ಬದಿಗೆ ಕಾರು ನಿಂತರೆ ಮಧ್ಯೆ ಒಂದೇ ವಾಹನಕ್ಕೆ ದಾರಿ. ಎದುರಿನಿಂದ ಕಸದ ಆಟೊ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು. ನಗರದಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಈಗ ಒಂದು ಕೋಟಿ ದಾಟಿದೆ.

ಕಟ್ಟಡ ನಿಯಮಗಳು ಈ ಸಮಸ್ಯೆಯನ್ನು ಕಾಣಲಿಲ್ಲವೆಂದಲ್ಲ. ಪಾರ್ಕಿಂಗ್‌ಗೆ ಬಿಟ್ಟ ಸ್ಟಿಲ್ಟನ್ನು, ಅಂದರೆ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ತೆರೆದ ಜಾಗವನ್ನು, ಕಟ್ಟಬಹುದಾದ ನೆಲವಿಸ್ತೀರ್ಣದ ಲೆಕ್ಕದಿಂದ ಹೊರಗಿಡುವ ರಿಯಾಯಿತಿಯನ್ನೂ ಕೊಟ್ಟವು. ಆದರೆ ನಕ್ಷೆ ಮಂಜೂರಾಗಿ ಮನೆ ಎದ್ದ ಮೇಲೆ ಎಷ್ಟೋ ಕಡೆ ಸ್ಟಿಲ್ಟಿಗೆ ಷಟರ್ ಬಿತ್ತು: ದಿನಸಿ ಅಂಗಡಿಯೋ ಟೈಲರ್ ಅಂಗಡಿಯೋ ಒಳಗೆ ಬಂತು, ಕಾರು ಬೀದಿಗಿಳಿಯಿತು. ಸಾಲದ್ದಕ್ಕೆ ಗೇಟಿಗೆ 'ನೋ ಪಾರ್ಕಿಂಗ್' ಫಲಕವನ್ನೂ ತೂಗುಹಾಕಿ, ಮನೆ ಮುಂದಿನ ಸಾರ್ವಜನಿಕ ಜಾಗ ತಮ್ಮದೇ ಎಂದು ಸಾರುವವರಿದ್ದಾರೆ.

ಜಪಾನ್ 1962ರಲ್ಲೇ ಬೇರೆ ದಾರಿ ಹಿಡಿದಿತ್ತು. ವಾಹನ ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದ್ದೋ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ತಂದರಷ್ಟೇ ಅಲ್ಲಿ ಕಾರಿನ ನೋಂದಣಿ. ಕರ್ನಾಟಕದಲ್ಲೂ ಇಂಥ ನಿಯಮದ ಮಾತು ಹಲವು ಸಲ ಎದ್ದಿದೆ. ಆದರೆ ನೋಂದಣಿಯ ಮೂಲ ಕಾನೂನಾದ 1988ರ ಮೋಟಾರು ವಾಹನ ಕಾಯ್ದೆ ಕೇಂದ್ರದ್ದು.

ಉಳಿದ ದಾರಿ ಬೀದಿಗೆ ಬೆಲೆ ಕಟ್ಟುವುದು. ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿ 2021ರಲ್ಲಿ ಸರ್ಕಾರದ ಒಪ್ಪಿಗೆ ಪಡೆದ ಪಾರ್ಕಿಂಗ್ ನೀತಿ 2.0, ನಿವಾಸಿಗಳಿಗೆ ವಾರ್ಷಿಕ ಪರವಾನಗಿಯನ್ನು ಸೂಚಿಸಿತು: ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡ ಕಾರಿಗೆ 5,000ದವರೆಗೆ. ಅಂದರೆ ಸಣ್ಣ ಕಾರಿಗೆ ದಿನಕ್ಕೆ ಮೂರು ರೂಪಾಯಿಗಿಂತ ಕಡಿಮೆ. ಆದರೂ, ಜೀವಿತಾವಧಿ ತೆರಿಗೆ ಕಟ್ಟಿದವರಿಂದ ಮತ್ತೆ ಹಣವೇ ಎಂಬ ಆಕ್ಷೇಪ ಎದ್ದಿತು. ಆ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆಯೇ ಹೊರತು ಬೀದಿಯ ಒಂದು ತುಂಡನ್ನು ಯಾರ ಹೆಸರಿಗೂ ಬರೆಯುವುದಿಲ್ಲವಾದ್ದರಿಂದ ಆಕ್ಷೇಪ ದುರ್ಬಲವೇ. ಅದಕ್ಕಿಂತ ಗಟ್ಟಿಯಾದ ತೊಡಕು ಇನ್ನೊಂದಿದೆ: ಸ್ಟಿಲ್ಟನ್ನು ಅಂಗಡಿಗೆ ಕೊಟ್ಟು ಬಾಡಿಗೆ ಎಣಿಸುವ ಮಾಲೀಕರಿಗೂ ಜಾಗವೇ ಇಲ್ಲದ ಬಾಡಿಗೆದಾರರಿಗೂ ಒಂದೇ ದರದ ಪರವಾನಗಿ ಕೊಡುವುದಾದರೆ, ಮುಚ್ಚಿದ ಸ್ಟಿಲ್ಟುಗಳನ್ನು ತೆರೆಸಲು ಪಾಲಿಕೆಯ ಕೈಯಲ್ಲಿ ನೋಟಿಸಿನ ಹೊರತು ಏನೂ ಉಳಿಯುವುದಿಲ್ಲ.