ಕುರ್ಚಿ ಕ್ರೈಸ್ತರದು, ಮತ ಯಾರದು? ಲೆಬನಾನಿನ ಚುನಾವಣಾ ಗಣಿತ

ಲೆಬನಾನಿನ ಸಂಸತ್ತಿನಲ್ಲಿ 128 ಸ್ಥಾನಗಳಿವೆ. ಒಂದೊಂದು ಸ್ಥಾನವೂ ಯಾವ ಧರ್ಮದ ಯಾವ ಪಂಗಡಕ್ಕೆ ಸೇರಬೇಕೆಂಬುದು ಚುನಾವಣೆಗೆ ಮೊದಲೇ ಕಾನೂನಿನಲ್ಲಿ ನಿಗದಿಯಾಗಿರುತ್ತದೆ. ಅರ್ಧದಷ್ಟು, ಅಂದರೆ 64 ಸ್ಥಾನಗಳು ಕ್ರೈಸ್ತರಿಗೆ. ಅವುಗಳಲ್ಲಿ ಮೆರೊನೈಟರಿಗೆ 34, ಗ್ರೀಕ್ ಆರ್ಥೊಡಾಕ್ಸರಿಗೆ 14, ಗ್ರೀಕ್ ಕ್ಯಾಥೊಲಿಕರಿಗೆ 8, ಆರ್ಮೇನಿಯನ್ ಆರ್ಥೊಡಾಕ್ಸರಿಗೆ 5. ಆರ್ಮೇನಿಯನ್ ಕ್ಯಾಥೊಲಿಕರು, ಪ್ರಾಟೆಸ್ಟಂಟರು ಹಾಗೂ ಇತರ ಸಣ್ಣ ಪಂಗಡಗಳವರಿಗೆ ಒಂದೊಂದು. ಉಳಿದ 64ರಲ್ಲಿ ಸುನ್ನಿ ಮತ್ತು ಶಿಯಾ ಮುಸ್ಲಿಮರಿಗೆ ತಲಾ 27, ಡ್ರೂಜ್ ಪಂಗಡಕ್ಕೆ 8, ಅಲವಿಗಳಿಗೆ 2. ಇಷ್ಟು ಬಿಗಿಯಾಗಿ ಪಾಲು ಹಂಚಿಟ್ಟ ದೇಶದಲ್ಲಿ ಪ್ರಾತಿನಿಧ್ಯದ ಜಗಳ ಮುಗಿದಿರಬೇಕಿತ್ತು ಎಂದು ಯಾರಿಗಾದರೂ ಅನಿಸೀತು. ಆದರೆ ಕ್ರೈಸ್ತ ಪಕ್ಷಗಳ ದೊಡ್ಡ ದೂರು ಹುಟ್ಟಿದ್ದೇ ಈ ಹಂಚಿಕೆಯ ನಂತರ.

ಹಂಚಿಕೆಯ ಬೇರು 1932ರ ಜನಗಣತಿಯಲ್ಲಿದೆ. ಫ್ರೆಂಚರ ಆಡಳಿತದಲ್ಲಿ ನಡೆದ ಆ ಎಣಿಕೆಯಲ್ಲಿ ಕ್ರೈಸ್ತರು ಅರ್ಧಕ್ಕಿಂತ ತುಸು ಹೆಚ್ಚಿದ್ದರು. ಅದರ ಆಧಾರದ ಮೇಲೆ 1943ರಲ್ಲಿ ಸ್ವತಂತ್ರ ಲೆಬನಾನಿನ ಮುಖಂಡರು ಮಾಡಿಕೊಂಡ ಒಪ್ಪಂದ ಅಧ್ಯಕ್ಷ ಪದವಿಯನ್ನು ಮೆರೊನೈಟರಿಗೂ ಪ್ರಧಾನಿ ಪದವಿಯನ್ನು ಸುನ್ನಿಗಳಿಗೂ ಕೊಟ್ಟಿತು. ಸಂಸತ್ತಿನಲ್ಲಿ ಆರು ಕ್ರೈಸ್ತರಿಗೆ ಐದು ಮುಸ್ಲಿಮರು ಎಂಬ ಅನುಪಾತ ನಿಂತಿತು. ಅಂತಹ ಅಧಿಕೃತ ಗಣತಿ ಅಲ್ಲಿ ಮತ್ತೆಂದೂ ನಡೆದಿಲ್ಲ. 1975ರಲ್ಲಿ ಆರಂಭವಾದ ಅಂತರ್ಯುದ್ಧವನ್ನು ಕೊನೆಗೊಳಿಸಲು 1989ರಲ್ಲಿ ಸೌದಿ ಅರೇಬಿಯದ ತೈಫ್ ನಗರದಲ್ಲಿ ಆದ ಒಪ್ಪಂದವು ಆರು-ಐದನ್ನು ಸಮಪಾಲಿಗೆ ತಂದಿತು. ಮುಸ್ಲಿಮರ ಸಂಖ್ಯೆ ಕ್ರೈಸ್ತರದನ್ನು ಮೀರಿದೆಯೆಂಬುದು ಎಲ್ಲರಿಗೂ ತಿಳಿದಿದ್ದರೂ ತಲೆ ಎಣಿಸದೆ ಅರ್ಧರ್ಧ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಇಲ್ಲಿಗೆ ಸಂಖ್ಯೆಯ ಪ್ರಶ್ನೆ ತೀರಿ, ಕಠಿಣವಾದ ಇನ್ನೊಂದು ಪ್ರಶ್ನೆ ಎದ್ದಿತು. ಕ್ರೈಸ್ತರಿಗೆ ಮೀಸಲಾದ ಸ್ಥಾನಕ್ಕೆ ಮತ ಹಾಕುವವರು ಯಾರು? ಕನ್ನಡದ ಓದುಗರಿಗೆ ಇದು ಅಪರಿಚಿತವಲ್ಲ. ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೂ 15 ಪರಿಶಿಷ್ಟ ಪಂಗಡಕ್ಕೂ ಮೀಸಲು. ಅಭ್ಯರ್ಥಿ ಆ ಸಮುದಾಯದವರೇ ಆಗಬೇಕು, ಮತ ಮಾತ್ರ ಕ್ಷೇತ್ರದ ಎಲ್ಲರದು. ಆ ಸಮುದಾಯದವರಷ್ಟೇ ಮತ ಹಾಕುವ ಪ್ರತ್ಯೇಕ ಮತದಾರ ಮಂಡಲದ ಬೇಡಿಕೆ 1932ರ ಪುಣೆ ಒಪ್ಪಂದದಲ್ಲಿ ಕೈಬಿಟ್ಟುಹೋಯಿತು. ಭಾರತದ ಕ್ರೈಸ್ತರಿಗೂ ಬ್ರಿಟಿಷರ ಕಾಲದಲ್ಲಿ, ಮದ್ರಾಸ್ ಪ್ರಾಂತ್ಯದಂತಹ ಕಡೆ, ಪ್ರತ್ಯೇಕ ಮಂಡಲಗಳಿದ್ದವು. ಬಂಗಾಳದ ಕ್ರೈಸ್ತ ಮುಖಂಡ ಎಚ್. ಸಿ. ಮುಖರ್ಜಿ ಉಪಾಧ್ಯಕ್ಷರಾಗಿದ್ದ, ಮಂಗಳೂರು ಮೂಲದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಸದಸ್ಯರಾಗಿದ್ದ ಸಂವಿಧಾನ ರಚನಾ ಸಭೆ 1949ರಲ್ಲಿ ಧರ್ಮಾಧಾರಿತ ಮೀಸಲು ಸ್ಥಾನಗಳನ್ನೇ ಬಿಟ್ಟುಕೊಟ್ಟಿತು. ಲೆಬನಾನ್ ಸ್ಥಾನಗಳನ್ನು ಧರ್ಮದಂತೆ ಹಂಚಿತು, ಮತದಾರರನ್ನು ಒಟ್ಟಿಗೇ ಇಟ್ಟಿತು.

ಒಟ್ಟಿಗೆ ಇಟ್ಟದ್ದರ ಪರಿಣಾಮವನ್ನು ಬಾಲ್‌ಬೆಕ್-ಹರ್ಮೆಲ್ ಕ್ಷೇತ್ರದಲ್ಲಿ ನೋಡಬಹುದು. ಅಲ್ಲಿನ ಹತ್ತು ಸ್ಥಾನಗಳಲ್ಲಿ ಆರು ಶಿಯಾಗಳಿಗೆ, ಎರಡು ಸುನ್ನಿಗಳಿಗೆ, ಒಂದು ಮೆರೊನೈಟರಿಗೆ, ಒಂದು ಗ್ರೀಕ್ ಕ್ಯಾಥೊಲಿಕರಿಗೆ. 2017ರವರೆಗೆ ಜಾರಿಯಲ್ಲಿದ್ದ ಪದ್ಧತಿಯಲ್ಲಿ ಪ್ರತಿ ಮತದಾರನಿಗೂ ಕ್ಷೇತ್ರದಲ್ಲಿ ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳಿದ್ದವು. ಹಾಗಾಗಿ ಶಿಯಾ ಬಹುಸಂಖ್ಯಾತರು ತಮ್ಮ ಆರು ಜನರ ಜೊತೆಗೆ ಕ್ರೈಸ್ತ ಸದಸ್ಯರಿಬ್ಬರನ್ನೂ ತಾವೇ ಆರಿಸುತ್ತಿದ್ದರು. ಸುನ್ನಿಗಳೇ ಹೆಚ್ಚಿರುವ ಟ್ರಿಪೋಲಿ ನಗರದ ಮೆರೊನೈಟ್ ಮತ್ತು ಆರ್ಥೊಡಾಕ್ಸ್ ಸ್ಥಾನಗಳದೂ ಇದೇ ಕಥೆ. ಗೆದ್ದವರು ಹುಟ್ಟಿನಿಂದ ಕ್ರೈಸ್ತರೇ. ಆದರೆ ಮುಂದಿನ ಚುನಾವಣೆಗೆ ಅವರು ಮನವೊಲಿಸಬೇಕಾದದ್ದು ಇನ್ನೊಂದು ಸಮುದಾಯದ ನಾಯಕನನ್ನು.

ಮತಪತ್ರವೂ ಇದಕ್ಕೆ ಹೇಳಿ ಮಾಡಿಸಿದಂತಿತ್ತು. 2018ಕ್ಕೆ ಮೊದಲು ಲೆಬನಾನಿನಲ್ಲಿ ಸರ್ಕಾರ ಮುದ್ರಿಸಿದ ಮತಪತ್ರವೇ ಇರಲಿಲ್ಲ. ಮತದಾರರು ಹೆಸರುಗಳನ್ನು ತಾವೇ ಬರೆದುಕೊಂಡು ಹೋಗಬೇಕು, ಇಲ್ಲವೇ ಮತಗಟ್ಟೆಯ ಹೊರಗೆ ಪಕ್ಷದ ಕಾರ್ಯಕರ್ತರು ಕೈಗಿಡುವ ಅಚ್ಚಾದ ಚೀಟಿಯನ್ನು ಲಕೋಟೆಯಲ್ಲಿಟ್ಟು ಹಾಕಬೇಕು. ಒಂದು ಮನೆತನಕ್ಕೆ ಕೊಟ್ಟ ಚೀಟಿಯಲ್ಲಿ ಹೆಸರುಗಳ ಕ್ರಮವನ್ನು ತುಸು ಬದಲಿಸಿದರೆ ಸಾಕು, ಎಣಿಕೆಯ ಹೊತ್ತಿಗೆ ಆ ಮನೆತನದವರು ಮಾತು ಉಳಿಸಿಕೊಂಡರೇ ಎಂಬುದು ಪಕ್ಷದ ಏಜೆಂಟನಿಗೆ ಗೊತ್ತಾಗುತ್ತಿತ್ತು.

ಅಂತರ್ಯುದ್ಧದ ನಂತರದ ಮೊದಲ ಚುನಾವಣೆಯನ್ನು, 1992ರಲ್ಲಿ, ಸಿರಿಯಾದ ಸೇನೆಯ ನೆರಳಿನಲ್ಲಿ ನಡೆಯುತ್ತಿದೆಯೆಂದು ಹೆಚ್ಚಿನ ಕ್ರೈಸ್ತರು ಬಹಿಷ್ಕರಿಸಿದರು. ಜುಬೈಲ್ ಕ್ಷೇತ್ರದಲ್ಲಿ ಒಬ್ಬ ಅಭ್ಯರ್ಥಿ 41 ಮತ ಪಡೆದು ಸಂಸತ್ತಿಗೆ ಹೋದರು. ಸ್ಥಾನ ಖಾಲಿ ಉಳಿಯುವಂತಿಲ್ಲ ಎಂಬ ನಿಯಮಕ್ಕೆ ಮತದಾರರ ಹಂಗು ಎಷ್ಟು ಕಡಿಮೆ ಎಂಬುದು ಆಗಲೇ ಕಂಡುಹೋಯಿತು.

ಇದಕ್ಕೆ ಉತ್ತರವಾಗಿ ಬಂದದ್ದು ‘ಆರ್ಥೊಡಾಕ್ಸ್ ಮಸೂದೆ’ ಎಂದೇ ಹೆಸರಾದ ಪ್ರಸ್ತಾಪ. ಮೆರೊನೈಟರನ್ನು ಮೆರೊನೈಟರೇ, ಶಿಯಾಗಳನ್ನು ಶಿಯಾಗಳೇ ಆರಿಸಲಿ. ಇಡೀ ದೇಶವೇ ಒಂದು ಕ್ಷೇತ್ರವಾಗಲಿ ಎಂಬುದು ಅದರ ತಿರುಳು. 2013ರ ಫೆಬ್ರವರಿಯಲ್ಲಿ ಸಂಸತ್ತಿನ ಜಂಟಿ ಸಮಿತಿಗಳು ಒಪ್ಪಿದರೂ ಅದು ಕಾನೂನಾಗಲಿಲ್ಲ. ಸ್ವತಃ ಮೆರೊನೈಟರಾದ ಅಧ್ಯಕ್ಷ ಮಿಶೆಲ್ ಸುಲೈಮಾನ್ ಅದನ್ನು ವಿರೋಧಿಸಿದ್ದರು. ಅದು ಬಿದ್ದುಹೋದದ್ದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ: ಬೇರೆಯವರ ಒಂದು ಮತವೂ ಬೇಕಿಲ್ಲದ ಅಭ್ಯರ್ಥಿಗೆ ಬೇರೆಯವರನ್ನು ಬೈಯುವುದೇ ಲಾಭದಾಯಕ ಪ್ರಚಾರವಾಗುತ್ತದೆ. ಆದರೆ ಬಾಲ್‌ಬೆಕ್ಕಿನ ಮೆರೊನೈಟರ ದೂರು ಸುಳ್ಳಾಗಿರಲಿಲ್ಲ. ಹೊಸ ಕಾನೂನಿನ ಬಗ್ಗೆ ಒಮ್ಮತವಿಲ್ಲದೆ ಸಂಸತ್ತು ಮೂರು ಸಲ ತನ್ನ ಅವಧಿಯನ್ನು ತಾನೇ ವಿಸ್ತರಿಸಿಕೊಂಡಿತು. 2009ರ ನಂತರ ಚುನಾವಣೆ ನಡೆದದ್ದು 2018ರಲ್ಲಿ.

2017ರಲ್ಲಿ ಬಂದ ರಾಜಿಯ ಕಾನೂನು ದೇಶವನ್ನು 15 ದೊಡ್ಡ ಕ್ಷೇತ್ರಗಳಾಗಿ ವಿಂಗಡಿಸಿ, ಅನುಪಾತೀಯ ಪ್ರಾತಿನಿಧ್ಯವನ್ನು ತಂದಿತು. ಮತದಾರ ಒಂದು ಪಟ್ಟಿಗೆ ಮತ ಹಾಕಿ, ಆ ಪಟ್ಟಿಯಲ್ಲಿ ತನ್ನ ಉಪಕ್ಷೇತ್ರದ ಒಬ್ಬನಿಗೆ ಆದ್ಯತಾ ಮತ ಕೊಡಬಹುದು. ಇದರ ಲೆಕ್ಕವನ್ನು ಒಂದು ಕಾಲ್ಪನಿಕ ಕ್ಷೇತ್ರದಲ್ಲಿ ಮಾಡಿ ನೋಡೋಣ. ಐದು ಸ್ಥಾನ, ನಾಲ್ಕು ಮುಸ್ಲಿಮರಿಗೆ, ಒಂದು ಕ್ರೈಸ್ತರಿಗೆ. ಚಲಾಯಿತ ಮತ 50,000. ಒಂದು ಸ್ಥಾನದ ಬೆಲೆ 10,000 ಮತ. ಮೊದಲ ಪಟ್ಟಿಗೆ 26,000, ಎರಡನೆಯದಕ್ಕೆ 18,000, ಮೂರನೆಯದಕ್ಕೆ 6,000 ಬಂದರೆ, ಹತ್ತು ಸಾವಿರ ಮುಟ್ಟದ ಮೂರನೆಯದು ಹೊರಬೀಳುತ್ತದೆ. ಉಳಿದ 44,000ವನ್ನು ಐದರಿಂದ ಭಾಗಿಸಿದರೆ ಹೊಸ ಬೆಲೆ 8,800. ಮೊದಲ ಪಟ್ಟಿಗೆ ಎರಡು ಪೂರ್ಣ ಸ್ಥಾನ ಸಿಕ್ಕಿ 8,400 ಮತ ಮಿಗುತ್ತದೆ. ಎರಡನೆಯದಕ್ಕೂ ಎರಡು ಸ್ಥಾನ, ಮಿಗುವುದು 400. ಐದನೆಯ ಸ್ಥಾನ ಹೆಚ್ಚು ಮಿಕ್ಕಿದ ಮೊದಲ ಪಟ್ಟಿಗೆ. ಒಟ್ಟು ಮೂರು-ಎರಡು.

ಇನ್ನು ಕುರ್ಚಿಗೆ ಕೂರಿಸುವ ಕೆಲಸ. ಎರಡೂ ಪಟ್ಟಿಗಳ ಅಭ್ಯರ್ಥಿಗಳನ್ನು ಆದ್ಯತಾ ಮತಗಳ ಶೇಕಡಾವಾರು ಕ್ರಮದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೇಲಿನಿಂದ ಸ್ಥಾನ ಕೊಡುತ್ತಾ ಬರುತ್ತಾರೆ. ಪಂಗಡದ ಸ್ಥಾನ ತುಂಬಿದ್ದರೆ, ಅಥವಾ ಪಟ್ಟಿಯ ಪಾಲು ಮುಗಿದಿದ್ದರೆ, ಆ ಹೆಸರನ್ನು ದಾಟಿ ಮುಂದೆ ಹೋಗುತ್ತಾರೆ. ಮೇಲಿನ ನಾಲ್ವರು ಮುಸ್ಲಿಮರೆಂದೂ ಅವರಲ್ಲಿ ಮೂವರು ಮೊದಲ ಪಟ್ಟಿಯವರೆಂದೂ ಇಟ್ಟುಕೊಳ್ಳಿ. ಐದನೆಯವನು 3,000 ಆದ್ಯತಾ ಮತ ಪಡೆದ ಮೊದಲ ಪಟ್ಟಿಯ ಕ್ರೈಸ್ತ. ಅವನ ಪಟ್ಟಿಯ ಪಾಲು ಮುಗಿದಿದೆ. ಉಳಿದಿರುವುದು ಎರಡನೆಯ ಪಟ್ಟಿಗೆ ಸಲ್ಲಬೇಕಾದ ಕ್ರೈಸ್ತ ಸ್ಥಾನ. ಆ ಪಟ್ಟಿಯ ಕ್ರೈಸ್ತನಿಗೆ 200 ಮತ ಬಂದಿದ್ದರೂ ಗೆಲುವು ಅವನದೇ.

ಇದು ಕೇವಲ ಕಾಗದದ ಮೇಲಿನ ಸಾಧ್ಯತೆಯಲ್ಲ. 2018ರಲ್ಲಿ ಜಾಹ್ಲೆಯ ಆರ್ಮೇನಿಯನ್ ಆರ್ಥೊಡಾಕ್ಸ್ ಸ್ಥಾನವನ್ನು ಗೆದ್ದವರಿಗೆ ಬಂದ ಆದ್ಯತಾ ಮತ 77. 2022ರಲ್ಲಿ ಟ್ರಿಪೋಲಿಯ ಗ್ರೀಕ್ ಆರ್ಥೊಡಾಕ್ಸ್ ಸ್ಥಾನ ದಕ್ಕಿದ್ದು 79 ಮತಕ್ಕೆ. ಆದರೂ ಕ್ರೈಸ್ತ ಪಕ್ಷಗಳು ಈ ಕಾನೂನನ್ನು ತಮ್ಮ ಗೆಲುವೆಂದು ಕೊಂಡಾಡಿದವು, ಅದಕ್ಕೆ ಕಾರಣವೂ ಇತ್ತು. ಆದ್ಯತಾ ಮತ ಒಂದೇ ಇರುವಾಗ ಜನ ಅದನ್ನು ಸಾಮಾನ್ಯವಾಗಿ ತಮ್ಮವರಿಗೇ ಕೊಡುತ್ತಾರೆ; ಆರ್ಥೊಡಾಕ್ಸ್ ಮಸೂದೆ ಮುಂಬಾಗಿಲಲ್ಲಿ ಕೇಳಿದ್ದರಲ್ಲಿ ಒಂದು ಪಾಲು ಹಿಂಬಾಗಿಲಿನಿಂದ ಸಿಕ್ಕಿತು. ಲೆಬನೀಸ್ ಫೋರ್ಸಸ್ ಪಕ್ಷದ ಸದಸ್ಯಬಲ 2009ರ ಎಂಟರಿಂದ 2018ರಲ್ಲಿ ಹದಿನೈದಕ್ಕೆ ಏರಿತು.

ಮತದಾರರ ಪಟ್ಟಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಲೆಬನೀಯರು ಮತ ಹಾಕುವುದು ವಾಸದ ಊರಿನಲ್ಲಲ್ಲ, ತಂದೆಯ ಕಡೆಯ ಮೂಲ ಊರಿನಲ್ಲಿ. ಮದುವೆಯಾದ ಹೆಣ್ಣಿನ ಹೆಸರು ಗಂಡನ ಊರಿಗೆ ವರ್ಗವಾಗುತ್ತದೆ. ಪಟ್ಟಿಯಲ್ಲಿ ಹೆಸರಿನ ಜೊತೆ ಪಂಗಡವೂ ಇರುತ್ತದೆ. ಮತದಾನದ ವಯಸ್ಸು ಇನ್ನೂ 21. ಅದನ್ನು 18ಕ್ಕೆ ಇಳಿಸುವ ಯತ್ನ 2010ರಲ್ಲಿ ಸೋತಿತು, ಕಿರಿಯರಲ್ಲಿ ಮುಸ್ಲಿಮರೇ ಹೆಚ್ಚೆಂಬ ಅಳುಕು ಅದಕ್ಕೊಂದು ಕಾರಣ. ವಿದೇಶದಲ್ಲಿರುವ ಲೆಬನೀಯರಿಗೆ ಮತದಾನದ ಅವಕಾಶ ಬೇಕೆಂದು ಕ್ರೈಸ್ತ ಪಕ್ಷಗಳು ಒತ್ತಾಯಿಸಿದ್ದರ ಹಿಂದೆಯೂ ವಲಸೆ ಹೋದವರಲ್ಲಿ ತಮ್ಮವರು ಬಹಳ ಎಂಬ ಲೆಕ್ಕವಿತ್ತು. ಹೊರನಾಡಿನವರಿಗಾಗಿಯೇ ಆರು ಸ್ಥಾನಗಳನ್ನು 2017ರ ಕಾನೂನು ಗೊತ್ತುಮಾಡಿತ್ತಾದರೂ 2022ರಲ್ಲಿ ಅದನ್ನು ಬದಿಗಿಟ್ಟು, ಅವರ ಮತಗಳನ್ನು ತಾಯ್ನಾಡಿನ 128 ಸ್ಥಾನಗಳಿಗೇ ಸೇರಿಸಲಾಯಿತು.